ಬಾಯಿ ಕಟ್ಟಿದವರು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಬೇರೆ ಊರುಗಳಲ್ಲಿ ತಮಾಷೆಗೆ ಹೇಳುತ್ತಾರಂತೆ. ನಮ್ಮೂರಲ್ಲಿ ಅದು ತಮಾಷೆಯಲ್ಲ, ಅದೇ ವೈದ್ಯ. ಇಲ್ಲಿ ಕಾಯಿಲೆ ಒಬ್ಬರದು, ಪಥ್ಯ ಇನ್ನೊಬ್ಬರದು. ಗಂಡನಿಗೆ ಸಕ್ಕರೆ ಕಾಯಿಲೆ ಬಂದರೆ ಹೆಂಡತಿ ಸಿಹಿ ಬಿಡುತ್ತಾಳೆ, ಗಂಡನಿಗೆ ಇಳಿಯುತ್ತದೆ. ಮಾವನಿಗೆ ಬಿಪಿ ಏರಿದರೆ ಸೊಸೆ ಉಪ್ಪು ಬಿಡುತ್ತಾಳೆ, ಮಾವನ ತಲೆಸುತ್ತು ನಿಲ್ಲುತ್ತದೆ. ಕಾಯಿಲೆಯವರು ತಾವೇ ಬಾಯಿ ಕಟ್ಟಿದರೆ ಮೂರು ಕಾಸಿನ ಪ್ರಯೋಜನವಿಲ್ಲ. ಅದೇ ಒಲೆಯಲ್ಲಿ ಬೇಯಿಸಿದ್ದನ್ನು ಉಣ್ಣುವ ಇನ್ನೊಬ್ಬರು ಕಟ್ಟಬೇಕು. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ, ನಮ್ಮಜ್ಜಿಯ ಕಾಲದಲ್ಲೂ ಹೀಗೇ ಇತ್ತು. ನನ್ನ ತಕರಾರು ಅದರ ಮೇಲಲ್ಲ. ಒಬ್ಬರು ಬಾಯಿ ಕಟ್ಟಿದರೆ ಇನ್ನೊಬ್ಬರಿಗೆ ಗುಣವಾಗುವುದು ಒಳ್ಳೆಯ ವಿಷಯವೇ. ಆದರೆ ಊರಲ್ಲಿ ಯಾವಾಗಲೂ ಕಟ್ಟಿರುವ ಬಾಯಿ ಯಾರದು, ಯಾವಾಗಲೂ ತೆರೆದಿರುವ ಬಾಯಿ ಯಾರದು ಎಂದು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಮನೆಯವರೆಲ್ಲ ಮೊದಲಿನಿಂದ ತೋರಿಸಿಕೊಳ್ಳುವುದು ಡಾಕ್ಟರ್ ವಾಮನಮೂರ್ತಿಯವರ ಹತ್ತಿರ. ಅಕ್ಕಸಾಲಿಗರ ಬೀದಿಯ ಮೂಲೆಯಲ್ಲಿ ಅವರ ಷಾಪು. ಅಲ್ಲಿಗೆ ಒಬ್ಬರೇ ಹೋಗುವ ಪದ್ಧತಿ ಇಲ್ಲ. ಬೆಂಚಿನ ಮೇಲೆ ಜೋಡಿ ಜೋಡಿಯಾಗಿ ಕೂತಿರುತ್ತಾರೆ, ಕಾಯಿಲೆಯವರೊಬ್ಬರು, ಪಥ್ಯದವರೊಬ್ಬರು. ಯಾರು ಯಾವುದು ಎಂದು ಮುಖ ನೋಡಿಯೇ ಹೇಳಬಹುದು. ಕಾಯಿಲೆಯವರು ಗುಂಡುಗುಂಡಾಗಿ, ಎಲೆಯಡಿಕೆ ಹಾಕಿಕೊಂಡು ಊರಿನ ಸುದ್ದಿ ಹೇಳುತ್ತಿರುತ್ತಾರೆ. ಪಥ್ಯದವರು ಒಣಗಿ, ಚೀಲ ಹಿಡಿದುಕೊಂಡು, ಯಾವಾಗ ಮನೆಗೆ ಹೋಗಿ ಸಾರಿಗೆ ಇಡುವುದೋ ಎಂದು ಬಾಗಿಲು ನೋಡುತ್ತಿರುತ್ತಾರೆ. ಡಾಕ್ಟರು ನಮ್ಮ ಯಜಮಾನರ ತೋಳಿಗೆ ಬಿಪಿ ಪಟ್ಟಿ ಸುತ್ತಿ, ಗಾಳಿ ಒತ್ತುತ್ತಾ, ನನ್ನ ಕಡೆ ನೋಡಿ ಹೇಳುವರು, "ದಿನಾ ಬೆಳಿಗ್ಗೆ ನಡೀಬೇಕಮ್ಮ. ಅನ್ನ ಕಮ್ಮಿ ಮಾಡಿ, ರಾಗಿ ಗಂಜಿ ಕುಡೀರಿ. ಸಿಹಿ ಅಂತೂ ಕಣ್ಣೆತ್ತಿ ನೋಡಬೇಡಿ." ಯಜಮಾನರು ಬಹಳ ಗಂಭೀರವಾಗಿ ತಲೆಯಾಡಿಸುವರು. ಈ ಡಾಕ್ಟರ ಮೇಜಿನ ಡ್ರಾಯರಿನಲ್ಲಿ ಕೋಡುಬಳೆ ಡಬ್ಬಿ ಇರುತ್ತದೆ, ಎರಡು ರೋಗಿಗಳ ನಡುವೆ ಕಟುಂ ಎಂದು ಸದ್ದು ಕೇಳುತ್ತದೆ. ಅವರ ಕೊಬ್ಬಿಗೆ ಅವರ ಹೆಂಡತಿ ಸತ್ಯಭಾಮಮ್ಮನವರು ಬಾಯಿ ಕಟ್ಟಿದ್ದಾರೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೇಕಾಯಿ ಎನ್ನುತ್ತಾರಲ್ಲ, ಅದರಲ್ಲಿ ಬದನೇಕಾಯಾದರೂ ತರಕಾರಿ.

ಬೆಳಿಗ್ಗೆ ನಮ್ಮೂರ ಕೆರೆ ಏರಿಗೆ ಬಂದು ನೋಡಿ. ಏರಿಯ ಉದ್ದಕ್ಕೂ ಹೆಂಗಸರು ಸೆರಗು ಬಿಗಿದುಕೊಂಡು ನಡೆಯುತ್ತಿರುತ್ತಾರೆ, ಒಬ್ಬಳು ಗಂಡನ ಸಕ್ಕರೆಗೆ, ಒಬ್ಬಳು ಮಾವನ ಎದೆನೋವಿಗೆ, ಒಬ್ಬಳು ಭಾವನ ಮಂಡಿಗೆ. ಏರಿ ಮುಗಿಯುವ ಕಡೆ ಪ್ರಸನ್ನ ಭವನ ಅಂತ ಹೋಟೆಲಿದೆ. ಅದರ ಜಗಲಿಯಲ್ಲಿ ಇವರೆಲ್ಲರ ಗಂಡಂದಿರು ಬೋಂಡ, ಕೇಸರಿಭಾತು ಇಟ್ಟುಕೊಂಡು ಕೂತಿರುತ್ತಾರೆ. "ನಮ್ಮನೆಯೋಳು ಇವತ್ತು ಇನ್ನೊಂದು ಸುತ್ತು ಹೋದಳು, ಹಾಕಪ್ಪ ಇನ್ನೊಂದು ಪ್ಲೇಟು" ಎಂದು ಒಬ್ಬ ಕೂಗುವುದು, ಉಳಿದವರು ನಗುವುದು. ಮದುವೆ ಮನೆಗಳಲ್ಲಿ ಹಿಂಬಾಗಿಲ ಹತ್ತಿರ ಪಥ್ಯದ ಪಂಕ್ತಿ ಬೇರೆ. ಅಲ್ಲಿ ಬಡಿಸುವುದು ಉಪ್ಪಿಲ್ಲದ ಸಾರು, ಹಾಗಲಕಾಯಿ ಪಲ್ಯ, ನೀರುಮಜ್ಜಿಗೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ. ಅವಳ ಮುಂದೆ ತಟ್ಟೆ ತುಂಬ ಮೈಸೂರುಪಾಕು ಇಟ್ಟು, ಅವಳ ಕಣ್ಣು ಅತ್ತ ಹೋಗುತ್ತದೆಯೋ ಇಲ್ಲವೋ ಎಂದು ಕಾಯುತ್ತಾರೆ. ನನ್ನ ಕಣ್ಣು ಹೋಗಲಿಲ್ಲವಂತೆ. ಅದಕ್ಕೇ ಒಪ್ಪಿಕೊಂಡರಂತೆ. ನಾನು ಅಂದು ನಾಚಿಕೆಯಿಂದ ನೆಲ ನೋಡುತ್ತಿದ್ದೆ, ಅಷ್ಟೆ.

ನನ್ನ ಹೆಸರು ಪಂಕಜಾಕ್ಷಿ. ಯಜಮಾನರು ಗುರುಸಿದ್ದಪ್ಪ, ಪೇಟೆಯಲ್ಲಿ ಬಣ್ಣದ ಡಬ್ಬಿ, ಮೊಳೆ, ಚಿಲಕ ಮಾರುವ ಅಂಗಡಿ. ಅದೇ ಅಂಗಡಿಯಲ್ಲಿ ಮೈದುನ ಮಹಾದೇವಪ್ಪನೂ ಕೂರುತ್ತಾನೆ. ಅವನ ಹೆಂಡತಿ ಸರ್ವಮಂಗಳೆ, ಅಂದರೆ ನನ್ನ ವಾರಗಿತ್ತಿ ಮಂಗಳ. ನಾಲ್ವರದೂ ಒಂದೇ ಒಲೆ. ನಮ್ಮ ಮಗಳು ಮದುವೆಯಾಗಿ ಹೋಗಿ ಅಲ್ಲಿ ಅವಳ ಮಾವನಿಗೆ ಬಾಯಿ ಕಟ್ಟಿದ್ದಾಳೆ. ಯಜಮಾನರಿಗೆ ಸಕ್ಕರೆ ಇದೆಯೆಂದು ಗೊತ್ತಾದಾಗ ನಾನಿನ್ನೂ ಹೊಸ ಸೊಸೆ. ಆಗ ಬಿಟ್ಟ ಸಿಹಿ ಇಪ್ಪತ್ತಾರು ವರ್ಷ ಮುಟ್ಟಲಿಲ್ಲ. ಅತ್ತೆ ಬದುಕಿರುವ ತನಕ ಅವರ ಬಿಪಿಗೆ ಉಪ್ಪನ್ನೂ ಬಿಟ್ಟಿದ್ದೆ. ಯಜಮಾನರು ಕಲ್ಲುಗುಂಡಿನ ಹಾಗೆ ಇದ್ದರು. ರಾತ್ರಿ ಊಟವಾದ ಮೇಲೆ ಮಿಠಾಯಿ ಅಂಗಡಿಯಿಂದ ತಂದ ಜಹಾಂಗೀರಿನ ಪೊಟ್ಟಣ ಬಿಚ್ಚಿ, ಬೆರಳಿನ ಪಾಕ ನೆಕ್ಕುತ್ತಾ, "ಎಲ್ಲಾ ನಿನ್ನ ಪುಣ್ಯ ಕಣೇ ಪಂಕಜ" ಎನ್ನುವರು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ. ಇಲ್ಲಿ ಯಾರದೋ ಬಾಯಿ.

ಹೋದ ವರ್ಷ ಕೆರೆ ಏರಿಯ ಮೇಲೆ ನಡೆಯುವಾಗ ಚಪ್ಪಲಿ ಪಟ್ಟಿ ಉಜ್ಜಿ ಬಲಗಾಲಿನ ಕಿರುಬೆರಳಿನ ಹತ್ತಿರ ಬೊಬ್ಬೆ ಬಂತು. ಬೊಬ್ಬೆ ಒಡೆದು ಹುಣ್ಣಾಯಿತು. ಅರಿಶಿನ ಹಚ್ಚಿದೆ, ಬೇವಿನ ನೀರಿನಲ್ಲಿ ತೊಳೆದೆ, ಒಣಗಲಿಲ್ಲ. ಅದನ್ನಿಟ್ಟುಕೊಂಡೇ ನಡೆದೆ, ಯಾಕೆಂದರೆ ಒಂದು ದಿನ ತಪ್ಪಿದರೆ ಯಜಮಾನರು ಮಾರನೆಯ ದಿನ ಸುಸ್ತು ಎನ್ನುತ್ತಿದ್ದರು. ಕೊನೆಗೆ ಚಪ್ಪಲಿಯೊಳಗೆ ಕಾಲು ಹೋಗದಂತಾದಾಗ ಡಾಕ್ಟರ ಹತ್ತಿರ ಹೋದೆವು. ಅಲ್ಲಿ ನನ್ನನ್ನು ಯಜಮಾನರು ಕೂರುವ ಕುರ್ಚಿಯಲ್ಲಿ ಕೂರಿಸಿದರು. ಅಷ್ಟು ವರ್ಷ ಬಂದಿದ್ದರೂ ಆ ಕುರ್ಚಿಗೆ ಮೆತ್ತೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರು ಬೆರಳು ಚುಚ್ಚಿ ರಕ್ತ ನೋಡಿದರು, ಕಾಲು ನೋಡಿದರು, ಇನ್ನೊಮ್ಮೆ ರಕ್ತ ನೋಡಿದರು.

"ನಿಮಗೂ ಸಕ್ಕರೆ ಇದೆಯಮ್ಮ. ಚೆನ್ನಾಗೇ ಇದೆ" ಎಂದರು.

"ನಾನು ಸಿಹಿ ಮುಟ್ಟಿ ಯಾವ ಕಾಲ ಆಯ್ತು ಡಾಕ್ಟ್ರೇ" ಎಂದೆ. "ದಿನಾ ನಡೀತೀನಿ. ಗಂಜಿ ಕುಡೀತೀನಿ."

"ಅದೆಲ್ಲಾ ಅವರಿಗೆ ಹೋಯ್ತಲ್ಲಮ್ಮ" ಎಂದರು ಅವರು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ. ಆಮೇಲೆ ಹುಣ್ಣಿಗೆ ಬಟ್ಟೆ ಸುತ್ತುತ್ತಾ, "ಬೆರಳು ಕಪ್ಪಾಗೋಕೆ ಶುರುವಾಗಿದೆ. ಮಾತ್ರೆ, ಮುಲಾಮು ಎಲ್ಲಾ ಕೊಡ್ತೀನಿ. ಆದ್ರೆ ಈ ತಿಂಗಳೊಳಗೆ ಸಕ್ಕರೆ ಇಳೀದಿದ್ರೆ ದೊಡ್ಡಾಸ್ಪತ್ರೆಗೆ ಹೋಗಿ ಬೆರಳು ತೆಗೆಸಬೇಕಾಗುತ್ತೆ. ಬೆರಳಿಗೇ ನಿಂತ್ರೆ ಪುಣ್ಯ" ಎಂದರು. ಕೈ ತೊಳೆದು ಬಂದು ಕೂತು ಕೇಳಿದರು, "ನಿಮ್ಮ ಪಥ್ಯ ಯಾರು ಹಿಡೀತಾರೆ?"

ಆ ಮಾತನ್ನು ನನ್ನನ್ನು ಯಾರೂ ಕೇಳಿದ್ದಿಲ್ಲ. ನಾನು ಯಜಮಾನರ ಕಡೆ ನೋಡಿದೆ. ಅವರು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದರು. "ಮನೇಲಿ ಮಾತಾಡ್ಕೊಂಡು ಹೇಳ್ತೀವಿ ಡಾಕ್ಟ್ರೇ" ಎಂದು ಅವರೇ ಎದ್ದರು. ಅಂಗಡಿಗೆ ಹೊಸ ಚಿಲಕ ತರಿಸಬೇಕೋ ಬೇಡವೋ ಎನ್ನುವುದನ್ನೂ ಅವರು ಇದೇ ದನಿಯಲ್ಲಿ ಹೇಳುವುದು.

ಯಾರ ಪಥ್ಯ ಯಾರು ಹಿಡಿಯಬೇಕೆಂದು ಹೇಳುವವರು ಆ ಒಲೆಯ ಹಿರಿಯರು. ಅವರು ಒಪ್ಪಿ ಡಾಕ್ಟರಿಗೆ ತಿಳಿಸಿದ ಮೇಲೆಯೇ ಪಥ್ಯ ಹತ್ತುವುದು. ನಮ್ಮ ಒಲೆಗೆ ಹಿರಿಯರು ಯಜಮಾನರೇ. ಸಂಜೆ ನಾಲ್ವರೂ ಪಡಸಾಲೆಯಲ್ಲಿ ಕೂತೆವು. ಮಂಗಳ ಮೊದಲೇ ಹೇಳಿಬಿಟ್ಟಳು, "ಅಕ್ಕನದ್ದು ನಾನು ಹಿಡೀತೀನಿ ಭಾವ."

ಮಹಾದೇವಪ್ಪನ ಮುಖ ಚಿಕ್ಕದಾಯಿತು. "ಅದೆಂಗಾಯ್ತದೆ? ನನ್ನ ಎದೆನೋವಿಗೆ ಹಿಡಿದಿರೋಳು ಇನ್ನೊಬ್ಬರಿಗೂ ಹಿಡಿದ್ರೆ ನನಗೆ ಕಮ್ಮಿ ಆಗಲ್ವಾ? ಒಂದು ಲೋಟ ಹಾಲನ್ನ ಇಬ್ಬರಿಗೆ ಹಂಚಿದಂಗೆ. ಅತ್ತಿಗೆ, ನೀವು ತಪ್ಪು ತಿಳ್ಕೋಬಾರದು."

ನಾನು ಗಂಡನಿಗೂ ಅತ್ತೆಗೂ ಒಟ್ಟಿಗೆ ಹಿಡಿದಿದ್ದಾಗ ಯಾರಿಗೂ ಕಮ್ಮಿಯಾಗಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಎದೆ ಮುಂದೆ ಮಾಡಿ, "ಯಾರೂ ಜಗಳ ಆಡಬೇಡಿ. ನಾನು ಹಿಡೀತೀನಿ" ಎಂದರು. ನಿಜ ಹೇಳಬೇಕೆಂದರೆ ನನಗೆ ಕಣ್ಣಲ್ಲಿ ನೀರು ಬಂತು. ನಮ್ಮೂರಲ್ಲಿ ಗಂಡಸು ಹೆಂಡತಿಗೆ ಪಥ್ಯ ಹಿಡಿದದ್ದು ನಾನಂತೂ ಕೇಳಿರಲಿಲ್ಲ.

ಮೊದಲ ವಾರ ಹಿಡಿದರು, ಇಲ್ಲವೆನ್ನುವುದಿಲ್ಲ. ಸಕ್ಕರೆಯಿಲ್ಲದ ಕಾಫಿಯನ್ನು ಸಾವಿನ ಮನೆಯಲ್ಲಿ ಕೂತವರ ಹಾಗೆ ಕುಡಿಯುತ್ತಿದ್ದರು. ಕೆರೆ ಏರಿಗೆ ಹೋಗಿ ಅರ್ಧ ದಾರಿಗೇ ವಾಪಸು ಬರುತ್ತಿದ್ದರು. ಆದರೂ ನನ್ನ ರಕ್ತ ಸ್ವಲ್ಪ ಇಳಿಯಿತು. ಹುಣ್ಣಿನ ಅಂಚು ಕೆಂಪಗಾಯಿತು. ಡಾಕ್ಟರು ಒತ್ತಿ ನೋಡಿ, "ಪರವಾಗಿಲ್ಲ, ಹೀಗೇ ಹೋದ್ರೆ ಬೆರಳು ಉಳಿಯುತ್ತೆ" ಎಂದರು. ಅಂದು ಮನೆಗೆ ಬಂದು ಯಜಮಾನರಿಗೆ ನಾನೇ ಕೂತು ಎಳೆ ಬದನೇಕಾಯಿ ಎಣ್ಣೆಗಾಯಿ ಮಾಡಿ ಹಾಕಿದೆ. ಅಷ್ಟು ಖುಷಿಯಾಗಿತ್ತು.

ಸುದ್ದಿ ಊರಿಗೆ ಹಬ್ಬಿತು. ಹೆಂಡತಿಗಾಗಿ ಬಾಯಿ ಕಟ್ಟಿದ ಗಂಡಸು ಎಂದು ಯಜಮಾನರನ್ನು ನೋಡಲು ಅಂಗಡಿಗೆ ಜನ ಬರತೊಡಗಿದರು. ಮೊಳೆ ಕೊಳ್ಳಲು ಬಂದವರು ಕೈಮುಗಿದು ಹೋದರು. ಪ್ರಸನ್ನ ಭವನದ ಜಗಲಿಯಲ್ಲಿ, "ಗುರುಸಿದ್ದಪ್ಪನೋರು ದೊಡ್ಡ ಮನುಷ್ಯ ಕಣ್ರೀ, ನಮ್ಮ ಕೈಲಾಗಲ್ಲಪ್ಪ" ಎಂದು ಬೋಂಡ ಕಚ್ಚುತ್ತಾ ಮಾತಾಡಿಕೊಂಡರಂತೆ. ಇಪ್ಪತ್ತಾರು ವರ್ಷ ನಾನು ಬಾಯಿ ಕಟ್ಟಿದಾಗ ನನಗೆ ಒಂದು ನಾಯಿಯೂ ಬಾಲ ಅಲ್ಲಾಡಿಸಿರಲಿಲ್ಲ. ಇವರು ಒಂದು ವಾರ ಕಾಫಿಗೆ ಸಕ್ಕರೆ ಬಿಟ್ಟದ್ದಕ್ಕೆ ವರ್ತಕರ ಸಂಘದವರು ಸನ್ಮಾನ ಇಟ್ಟುಕೊಂಡರು.

ಸನ್ಮಾನಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಕಾಲಿಗೆ ಬಟ್ಟೆ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತೆ, ಪಕ್ಕದಲ್ಲಿ ಮಂಗಳ. ವೇದಿಕೆಯ ಮೇಲೆ ಮುಖ್ಯ ಅತಿಥಿ ಡಾಕ್ಟರ್ ವಾಮನಮೂರ್ತಿ. ಯಜಮಾನರಿಗೆ ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಡಾಕ್ಟರು ಮಾತಾಡುತ್ತಾ ಇಂಥ ಪತಿ ಸಿಗಲು ಆ ತಾಯಿ ಪುಣ್ಯ ಮಾಡಿದ್ದರು ಎಂದು ನನ್ನನ್ನು ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ಸಂಘದ ಅಧ್ಯಕ್ಷರು, "ಇಂಥ ಸಂತೋಷದ ಸಮಯದಲ್ಲಿ ಬಾಯಿ ಸಿಹಿ ಮಾಡ್ಕೋಬೇಕು" ಎಂದು ಬೆಳ್ಳಿ ತಟ್ಟೆಯಲ್ಲಿದ್ದ ಬೂಂದಿ ಲಾಡು ಎತ್ತಿ ಯಜಮಾನರ ಬಾಯಿಯ ಹತ್ತಿರ ಹಿಡಿದರು. ಫೋಟೋದವನು ಮುಂದೆ ಬಂದು ನಿಂತ.

ಸಿಹಿ ಬಿಟ್ಟಿದ್ದಕ್ಕೆ ಸನ್ಮಾನ, ಸನ್ಮಾನಕ್ಕೆ ಲಾಡು. ಆ ಸಭೆಯಲ್ಲಿ ಇದ್ದ ಒಬ್ಬರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬೇಡ ಎಂದು ಯಜಮಾನರೇ ಹೇಳುತ್ತಾರೆ ಎಂದುಕೊಂಡೆ. ಅವರು ಒಂದು ಸಲ ನನ್ನ ಕಡೆ ನೋಡಿದರು. ಮರೆತಿರಲಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ, ನೋಡಿದರು. ಆಮೇಲೆ ಬಾಯಿ ತೆರೆದರು. ಫೋಟೋ ಸರಿಯಾಗಿ ಬರಲಿಲ್ಲವೆಂದು ಇನ್ನೊಂದು ಲಾಡು ಹಿಡಿದರು. ಅದನ್ನೂ ತಿಂದರು. ಊಟದ ಪಂಕ್ತಿಯಲ್ಲಿ ಡಾಕ್ಟರ ಪಕ್ಕ ಕೂತು ಚಿರೋಟಿ ಮೇಲೆ ಬಾದಾಮಿ ಹಾಲು ಹಾಕಿಸಿಕೊಂಡಿದ್ದನ್ನು ಪಥ್ಯದ ಪಂಕ್ತಿಯಿಂದ ನಾನೇ ಕಣ್ಣಾರೆ ನೋಡಿದೆ. ನಾನು ಕುಂಟಿಕೊಂಡು ಹತ್ತಿರ ಹೋದಾಗ ಡಾಕ್ಟರು, "ಒಂದು ದಿನಕ್ಕೆ ಏನೂ ಆಗಲ್ಲ ಬಿಡಮ್ಮ, ಪಾಪ" ಎಂದರು.

ಆಯಿತು. ಸಂಜೆಗೆ ಕಾಲು ಕೆಂಡದ ಹಾಗೆ ಉರಿಯತೊಡಗಿತು. ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಕೆಂಪಗಾಗಿದ್ದ ಅಂಚು ಮತ್ತೆ ಕಪ್ಪಾಗಿತ್ತು, ವಾಸನೆ ಬರುತ್ತಿತ್ತು. ರಕ್ತ ನೋಡಿದ ಡಾಕ್ಟರು ಈ ಸಲ ಪಾಪ ಎನ್ನಲಿಲ್ಲ. ಪಕ್ಕದ ಬೆರಳಿಗೂ ಹಿಡಿಯುತ್ತಿದೆ, ತಿಂಗಳು ಮುಗಿಯುವ ತನಕ ಕಾಯುವ ಹಾಗಿಲ್ಲ, ಬರುವ ಅಮಾವಾಸ್ಯೆಯೊಳಗೆ ಇಳಿಯದಿದ್ದರೆ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ ಎಂದರು.

ಮನೆಗೆ ಬಂದು ಕೇಳಿದೆ. "ಯಾಕೆ ತಿಂದ್ರಿ?"

"ಸನ್ಮಾನ ಮಾಡೋರಿಗೆ ಬೇಡ ಅನ್ನೋಕಾಗುತ್ತೇನೇ? ಅಷ್ಟು ಜನರ ಮುಂದೆ. ಮರ್ಯಾದೆ ಪ್ರಶ್ನೆ."

"ನನ್ನ ತಂಗಿ ಮದುವೇಲಿ ಹೋಳಿಗೆ ಬೇಡ ಅಂದೆ. ನನ್ನ ಮಗಳ ಮದುವೇಲಿ, ಹೆತ್ತ ತಾಯಿ ಸಿಹಿ ಮುಟ್ಟಲಿಲ್ಲ ಅಂತ ಬೀಗಿತ್ತಿ ಆಡ್ಕೊಂಡಳು. ನನ್ನಪ್ಪ ಸಾಯೋ ಮುಂಚೆ ಕೈಯಾರೆ ಕೊಟ್ಟ ಕಲ್ಲುಸಕ್ಕರೇನ ಸೆರಗಿಗೆ ಕಟ್ಕೊಂಡು ಬಂದೆ, ಬಾಯಿಗೆ ಹಾಕ್ಲಿಲ್ಲ. ನನಗೆ ಮರ್ಯಾದೆ ಇರಲಿಲ್ವಾ?"

"ಅದು ಬೇರೆ" ಎಂದರು ಅವರು. "ಹೆಂಗಸರಿಗೆ ಅಭ್ಯಾಸ ಇರುತ್ತೆ."

ನಾನು ಮತ್ತೆ ಮಾತಾಡಲಿಲ್ಲ. ಮಾತಾಡಿದ್ದರೆ ಅಳು ಬರುತ್ತಿತ್ತು, ಅತ್ತರೆ ಅವರಿಗೆ ಸುಲಭವಾಗುತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಅಡುಗೆಮನೆಗೆ ಹೋಗಿ ನನ್ನ ಪಾತ್ರೆಗಳನ್ನು ಒಂದೊಂದಾಗಿ ಹಿತ್ತಲಿಗೆ ಸಾಗಿಸಿದೆ. ಅಲ್ಲಿ ಅತ್ತೆ ಹಪ್ಪಳದ ಹಿಟ್ಟು ಬೇಯಿಸುತ್ತಿದ್ದ ಸೌದೆ ಒಲೆ ಹಾಗೇ ಇತ್ತು. ಬೂದಿ ತೆಗೆದು, ಸಗಣಿ ಸಾರಿಸಿ, ಒಲೆ ಹಚ್ಚಿದೆ. ಮಂಗಳ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋಗಿ ತನ್ನ ತಟ್ಟೆ, ಲೋಟ ತಂದು ನನ್ನದರ ಪಕ್ಕ ಇಟ್ಟಳು.

"ನಿನ್ನ ಗಂಡ ಏನಂತಾನೋ" ಎಂದೆ.

"ಅವರಿಗೆ ಅಣ್ಣ ಇದಾರಲ್ಲಕ್ಕ" ಎಂದಳು.

ವಾರಗಿತ್ತಿಯರು ಸೇರಿದರೆ ಅಣ್ಣತಮ್ಮಂದಿರನ್ನು ಬೇರೆ ಮಾಡುತ್ತಾರೆ ಎಂದು ಲೋಕದ ದೂರು. ನಾವು ಹಾಗೆ ಮಾಡಲಿಲ್ಲ. ಅಣ್ಣತಮ್ಮಂದಿರನ್ನು ಒಟ್ಟಿಗೇ ಬಿಟ್ಟೆವು. ಒಳಗಿನ ಗ್ಯಾಸ್ ಒಲೆ, ಅಕ್ಕಿ, ಬೇಳೆ, ಉಪ್ಪಿನಕಾಯಿ ಭರಣಿ ಎಲ್ಲ ಅವರಿಗೇ ಬಿಟ್ಟೆವು. ಒಬ್ಬರಿಗೊಬ್ಬರು ಬಾಯಿ ಕಟ್ಟಿಕೊಂಡರೆ ಇಬ್ಬರೂ ನೂರು ವರ್ಷ ಬಾಳಬಹುದು. ಯಾರ ಜೀವಕ್ಕೂ ನಾವು ಕುತ್ತು ತರಲಿಲ್ಲ, ಇದನ್ನು ನಾನು ದೇವರ ಮುಂದೆಯೂ ಹೇಳುತ್ತೇನೆ.

ಅಂದೇ ಮಂಗಳನ ಭುಜ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದೆ. "ನನ್ನದು ಬೇರೆ ಒಲೆ ಡಾಕ್ಟ್ರೇ. ಆ ಒಲೆಗೆ ಹಿರಿಯಳು ನಾನು. ನನ್ನ ಸಕ್ಕರೆಗೆ ಮಂಗಳ ಹಿಡೀತಾಳೆ" ಎಂದೆ. ಮಂಗಳನ ಬಿಪಿಯನ್ನೂ ನೋಡಿ ಎಂದೆ. ಅವಳಿಗೆ ಆಗಾಗ ತಲೆಸುತ್ತು ಬಂದು ಗೋಡೆ ಹಿಡಿದುಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಪಟ್ಟಿ ಸುತ್ತಿ ನೋಡಿದರೆ ಬೇಕಾದಷ್ಟು ಏರಿತ್ತು. "ಇದಕ್ಕೆ ನಾನು ಉಪ್ಪು ಬಿಡ್ತೀನಿ" ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಗಂಡ ಇರುವಾಗ ಹೆಂಗಸರು ಹೆಂಗಸರೇ ಹಿಡ್ಕೊಳ್ಳೋದು ಪದ್ಧತಿ ಅಲ್ಲಮ್ಮ. ಊರಲ್ಲಿ ನೋಡಿದೋರು ಏನಂತಾರೆ?"

"ಹತ್ತುತ್ತೋ ಇಲ್ವೋ ಅಷ್ಟು ಹೇಳಿ."

ಅವರು ಪೆನ್ನು ಮತ್ತೆ ಎತ್ತಿಕೊಂಡು, "ಒಲೆ ಒಂದೇ ಆದ್ರೆ ಹತ್ತದೆ ಏನು" ಎಂದು ಗೊಣಗಿ ಬರೆದುಕೊಟ್ಟರು. ಇಷ್ಟು ವರ್ಷ ಈ ಮಾತು ಅವರಿಗೆ ಗೊತ್ತಿತ್ತು. ಒಂದು ದಿನವಾದರೂ ಒಂದು ಹೆಂಗಸಿಗೆ ಹೇಳಿರಲಿಲ್ಲ. ನನಗೆ ಅವರ ಮೇಲೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ, ಅದಕ್ಕೆ ಯಾರು ಪಥ್ಯ ಹಿಡಿದರೂ ಇಳಿಯುವುದಿಲ್ಲ.

ಮಂಗಳನಿಗೆ ಸಿಹಿಯೆಂದರೆ ಪ್ರಾಣ. ಗಂಡನ ಎದೆನೋವಿಗೆ ಅವಳು ಬಿಟ್ಟಿದ್ದು ಎಣ್ಣೆ, ತುಪ್ಪ. ಸಿಹಿಯೊಂದು ಉಳಿದಿತ್ತು. ಕಾಫಿಗೆ ಎಲ್ಲರಿಗಿಂತ ಒಂದು ಚಮಚ ಹೆಚ್ಚು ಹಾಕಿಕೊಳ್ಳುವಳು, ಕೆಲಸದ ನಡುವೆ ಬೆಲ್ಲದ ಚೂರು ಬಾಯಿಗೆಸೆದುಕೊಳ್ಳುವಳು. ಹಿತ್ತಲ ಒಲೆಯ ಮೊದಲ ದಿನ ಅವಳ ಕೈ ತಾನಾಗಿ ಬೆಲ್ಲದ ಡಬ್ಬಿಯ ತನಕ ಹೋಯಿತು, ಮುಚ್ಚಳದ ಮೇಲೆ ಒಂದು ಗಳಿಗೆ ನಿಂತಿತು, ವಾಪಸು ಬಂತು. ನಾನು ಮುರುಕು ಮಣೆಯ ಮೇಲೆ ಕೂತು ಅದನ್ನು ನೋಡಿದೆ. ಒಬ್ಬರು ನನಗಾಗಿ ಕೈ ಹಿಂದಕ್ಕೆ ತೆಗೆದುಕೊಂಡದ್ದನ್ನು ನೋಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಹೊಗೆಯ ನೆಪ ಮಾಡಿ ಕಣ್ಣೊರೆಸಿಕೊಂಡೆ.

ಅವಳೇ ನೆನಪಿಸಿದಳು, "ಅಕ್ಕ, ನೀವು ಈಗ ಭಾವನಿಗೆ ಹಿಡಿದಿಲ್ಲ. ಸಿಹಿ ತಿಂದ್ರೆ ಯಾರಿಗೂ ಏನೂ ಆಗಲ್ಲ." ಅದು ನನಗೆ ಹೊಳೆದೇ ಇರಲಿಲ್ಲ. ನನ್ನ ಸಕ್ಕರೆ ಈಗ ಅವಳ ಬಾಯಲ್ಲಿತ್ತು, ನನ್ನ ಬಾಯಲ್ಲಲ್ಲ. ಮೂರನೆಯ ದಿನ ಅವಳು ಕಾಯಿ ಹೋಳಿಗೆ ಮಾಡಿ ನನ್ನ ತಟ್ಟೆಗೆ ಹಾಕಿದಳು, ತನಗೆ ಉಪ್ಪಿನಕಾಯಿ ಹಾಕಿಕೊಂಡಳು. ನನ್ನ ಸಾರಿಗೆ ಉಪ್ಪಿಲ್ಲ, ಅವಳ ಕಾಫಿಗೆ ಸಕ್ಕರೆಯ ಹರಳಿಲ್ಲ. ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡೆ. ರುಚಿಯೇ ಮರೆತುಹೋಗಿತ್ತು. ಸಂತೋಷವಾಗಬೇಕಿತ್ತು. ಆದರೆ ಅಷ್ಟು ವರ್ಷ ಇದನ್ನು ನನ್ನ ಎದುರಿಗೇ ಕೂತು ಬೆರಳು ನೆಕ್ಕಿಕೊಂಡು ತಿಂದರಲ್ಲ ಎಂದು ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಆ ಕಿಚ್ಚಿನಲ್ಲೇ ಇನ್ನೂ ಒಂದು ಹಾಕಿಸಿಕೊಂಡು ತಿಂದೆ.

ಊರಿನ ಬಾಯಿಗೆ ನಾವು ಅವಲಕ್ಕಿಯಾದೆವು. ಒಲೆ ಒಡೆದವರು, ಗಂಡಂದಿರನ್ನು ಉಪವಾಸ ಕೆಡವಿದವರು ಎಂದರು. ಯಾರೂ ಉಪವಾಸ ಬೀಳಲಿಲ್ಲ. ಅಣ್ಣತಮ್ಮಂದಿರು ಮೊದಲ ಎರಡು ದಿನ ಪ್ರಸನ್ನ ಭವನದಿಂದ ಪಾರ್ಸೆಲ್ ತಂದರು. ತಿಂಡಿಯಷ್ಟೇ ಅಲ್ಲದೆ ಊಟವನ್ನೂ ಹೋಟೆಲಿನಲ್ಲೇ ಉಂಡವರಿಗೆ ಯಾರ ಪಥ್ಯವೂ ಹತ್ತುವುದಿಲ್ಲವೆಂದು ಡಾಕ್ಟರು ಹೆದರಿಸಿದ ಮೇಲೆ ಅನ್ನ ಸಾರು ಮಾಡಲು ಕಲಿತರು. ಅಣ್ಣನ ಸಕ್ಕರೆಗೆ ತಮ್ಮ, ತಮ್ಮನ ಎದೆಗೆ ಅಣ್ಣ ಎಂದು ಬರೆಸಿಕೊಂಡು ಬಂದರು. ಅಲ್ಲಿಂದ ಶುರುವಾಯಿತು. ಗೋಡೆಯಾಚೆಯಿಂದ ನಮಗೆ ಎಲ್ಲ ಕೇಳಿಸುತ್ತಿತ್ತು.

"ನನ್ನ ರಕ್ತದಲ್ಲಿ ಏರಿದೆ ಕಣೋ. ಮಧ್ಯಾಹ್ನ ಕೇಸರಿಭಾತು ತಿಂದೆ ತಾನೇ? ನಿಜ ಹೇಳು."

"ನೀನೇನು ಕಮ್ಮಿ? ಬೆಳಿಗ್ಗೆಯಿಂದ ನನ್ನ ಎದೆ ಹಿಡ್ಕೊಂಡಿದೆ. ಬೋಂಡ ಎಷ್ಟು ಹೊಡೆದೆ ಅಣ್ಣ?"

ಜೀವನದಲ್ಲಿ ಒಮ್ಮೆಯೂ ಜಗಳವಾಡದ ಅಣ್ಣತಮ್ಮಂದಿರು ದಿನವೂ ಒಬ್ಬರ ಬಾಯಿ ಒಬ್ಬರು ಮೂಸಿ ನೋಡತೊಡಗಿದರು. ಮಂಗಳ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ನನ್ನ ಕಣ್ಣು ಕಾಲಿನ ಮೇಲೇ ಇತ್ತು, ಅಮಾವಾಸ್ಯೆ ಹತ್ತಿರ ಬರುತ್ತಿತ್ತು.

ಹುಣ್ಣು ಮೊದಲು ವಾಸನೆ ಬಿಟ್ಟಿತು, ಆಮೇಲೆ ಕೀವು ನಿಂತಿತು. ಪಕ್ಕದ ಬೆರಳಿನ ಕಪ್ಪು ಹಿಂದೆ ಸರಿಯಿತು. ಅಮಾವಾಸ್ಯೆಯ ಹಿಂದಿನ ದಿನ ಡಾಕ್ಟರು ಬಟ್ಟೆ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು, ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ದೊಡ್ಡಾಸ್ಪತ್ರೆ ಬೇಡ" ಎಂದರು. ಮಂಗಳನ ಬಿಪಿಯೂ ಇಳಿದಿತ್ತು. ದೀಪಾವಳಿ ಕಳೆಯುವ ಹೊತ್ತಿಗೆ ಹುಣ್ಣಿದ್ದ ಜಾಗದಲ್ಲಿ ಹೊಸ ಚರ್ಮ ಬಂದಿತ್ತು. ನಾನು ಮತ್ತೆ ಕೆರೆ ಏರಿಗೆ ಹೋಗತೊಡಗಿದೆ, ಈಗ ಮಂಗಳನಿಗಾಗಿ. ಒಂದು ದಿನ ಡಾಕ್ಟರ ಹೆಂಡತಿ ಸತ್ಯಭಾಮಮ್ಮ ಹಿಂದಿನಿಂದ ಬಂದು ನನ್ನ ಹೆಜ್ಜೆಗೆ ಹೆಜ್ಜೆ ಹಾಕಿದರು. ಅತ್ತಿತ್ತ ನೋಡಿ, "ಪಂಕಜಮ್ಮ, ನಿಮ್ಮ ಹಿತ್ತಲ ಒಲೇಲಿ ಇನ್ನೊಂದು ತಟ್ಟೆಗೆ ಜಾಗ ಇದೆಯಾ" ಎಂದು ಕೇಳಿದರು. ಅವರ ಕಣ್ಣ ಕೆಳಗೆ ಊದಿಕೊಂಡಿತ್ತು. ಬನ್ನಿ ಎಂದೆ.

ಅದೇ ವಾರ ಯಜಮಾನರು ಹಿತ್ತಲಿಗೆ ಬಂದರು. ಒಲೆ ಬೇರೆಯಾದ ಮೇಲೆ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಸೊರಗಿದ್ದರು, ಅಂಗಿ ಸಡಿಲವಾಗಿತ್ತು. ಸುಳ್ಳು ಯಾಕೆ ಹೇಳಲಿ, ನೋಡಿ ಕರುಳು ಚುರುಕ್ಕೆಂದಿತು. ಬಾವಿಕಟ್ಟೆಯ ಮೇಲೆ ಕೂತು ನನ್ನ ಕಾಲು ನೋಡಿದರು. "ವಾಸಿಯಾಯ್ತಲ್ಲ, ಒಳ್ಳೇದಾಯ್ತು. ಇನ್ನು ಒಲೆ ಒಂದು ಮಾಡು ಪಂಕಜ. ಆ ಮಾದೇವನ ಕೈಲಿ ನನ್ನ ಪಥ್ಯ ಆಗಲ್ಲ. ಕದ್ದು ತಿಂತಾನೆ. ನನ್ನ ಕಣ್ಣು ಮಂಜಾಗ್ತಿದೆ."

ನಾನು ಸೌದೆ ಒಳಕ್ಕೆ ತಳ್ಳಿದೆ. ಎಷ್ಟೇ ಸಿಟ್ಟಿದ್ದರೂ ಕಣ್ಣು ಮಂಜಾಗುತ್ತಿದೆ ಎಂದ ಗಂಡನಿಗೆ ಆಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಮಾಡ್ತೀನಿ" ಎಂದೆ. "ನಿಮ್ಮ ಪಥ್ಯ ಮತ್ತೆ ನಾನೇ ಹಿಡೀತೀನಿ. ಆದ್ರೆ ನನ್ನದು ನೀವು ಹಿಡೀಬೇಕು. ಮಂಗಳನ್ನ ಆ ಬಾಯಿಕಟ್ಟಿನಿಂದ ಬಿಡಿಸ್ಬೇಕು. ಮೊದಲು ಒಂದೇ ಒಂದು ವಾರ ಹಿಡಿದು ತೋರಿಸಿ. ಮಾತು ಬೇಡ, ನನ್ನ ರಕ್ತ ಹೇಳುತ್ತೆ. ಆಮೇಲೆ ನಾನೇ ಈ ಒಲೆ ಕೆಡವ್ತೀನಿ."

ಮಂಗಳ ತಲೆಯೆತ್ತಿ ನೋಡಿದಳು. ಪಡಸಾಲೆಯ ಬಾಗಿಲಲ್ಲಿ ಮಹಾದೇವಪ್ಪನೂ ಬಂದು ನಿಂತಿದ್ದ. ಯಜಮಾನರ ಮುಖ ಅರಳಿತು. "ಒಂದು ವಾರ ತಾನೇ? ಅದೇನು ಮಹಾ? ಹಿಡೀತೀನಿ ಬಿಡು" ಎಂದು ಎದ್ದರು. ಎರಡು ಹೆಜ್ಜೆ ಹೋದವರು ನಿಂತು, ಏನೋ ಲೆಕ್ಕ ಹಾಕುವ ಹಾಗೆ ಗದ್ದ ಕೆರೆದುಕೊಂಡರು.

"ಈ ವಾರ ಬೇಡ. ಗುರುವಾರ ಸಂಘದ ಅಧ್ಯಕ್ಷರ ಮಗಳ ಮದುವೆ ಇದೆ. ಊಟಕ್ಕೆ ಫೇಣಿ ಮಾಡ್ಸಿದಾರಂತೆ, ಭಟ್ಟರನ್ನ ಬೇರೆ ಊರಿಂದ ಕರೆಸಿ. ಮುಂದಿನ ವಾರದಿಂದ ಹಿಡೀತೀನಿ."

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಾನು ಮಂಗಳನ ಕೈಯಲ್ಲಿದ್ದ ತಟ್ಟೆ ತೆಗೆದುಕೊಂಡು ಅವಳಿಗೆ ಅನ್ನ ಬಡಿಸಿದೆ, ಅದರ ಮೇಲೆ ಉಪ್ಪಿನಕಾಯಿ ಹಾಕಿದೆ.

"ಹೋಗಿ ಬನ್ನಿ" ಎಂದೆ ಯಜಮಾನರಿಗೆ. "ಹೊಟ್ಟೆ ತುಂಬ ಉಂಡು ಬನ್ನಿ. ಫೇಣಿಗೆ ತುಪ್ಪ ಹಾಕಿಸ್ಕೊಳ್ಳಿ. ಅದು ಇನ್ನು ನಿಮ್ಮ ತಮ್ಮನ ಎದೆಗೆ ಹತ್ತೋದು, ನನ್ನ ಕಾಲಿಗಲ್ಲ."

ಬಾಗಿಲಲ್ಲಿದ್ದ ಮಹಾದೇವಪ್ಪ ಎರಡೂ ಕೈಯಿಂದ ಎದೆ ಹಿಡಿದುಕೊಂಡು, "ಅಣ್ಣ, ಆ ಮದುವೆಗೆ ನೀನು ಹೋಗಕೂಡದು" ಎಂದ.